ಬಲಗಡೆಯ ನರ

ಗಂಗೆಯ ಕುತ್ತಿಗೆ ತಿರುಗಿದ್ದನ್ನು ಮನೆಯವರೆಲ್ಲ ಒಟ್ಟಿಗೆ ಕಂಡದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಗಂಡ ಮಾದೇವಪ್ಪನ ತಟ್ಟೆಗೆ ಸಾರು ಬಿಡುತ್ತಿದ್ದವಳ ಮುಖ ಯಾರೋ ಕರೆದರೆಂಬಂತೆ ಎಡಕ್ಕೆ ಹೊರಳಿತು. ಕೈ ಮಾತ್ರ ಇದ್ದಲ್ಲೇ ಇತ್ತು. ಸಾರು ತಟ್ಟೆ ತುಂಬಿ ನೆಲಕ್ಕೆ ಹರಿಯಿತು.

“ಏ, ಎತ್ತಾಗ ನೋಡಾಕ್ಹತ್ತಿ? ಇತ್ಲಾಗ ನೋಡು,” ಅಂದ ಮಾದೇವಪ್ಪ.

“ನೋಡಾಕ ಬರವಲ್ದು.”

“ಬರವಲ್ದು ಅಂದ್ರ?”

“ತಾನ ತಿರಗತೈತಿ. ಎರಡು ದಿನ ಆತು. ಹಿಡಿದು ತಂದ್ರ ಮತ್ತ ಹೋಗತೈತಿ.”

ಮಾದೇವಪ್ಪನ ಅಕ್ಕ ದುರ್ಗವ್ವ ನಕ್ಕಳು. “ಗಂಡನ ಮಾರಿ ಬ್ಯಾಸರ ಆಗೇತೇನವ್ವ ಇಷ್ಟ ಲಗೂನ?”

ಅತ್ತೆ ನೀಲಗಂಗವ್ವ ನಗಲಿಲ್ಲ. ಸೊಸೆಯ ಮುಖ ತಿರುಗಿದ ಕಡೆಗೆ ಅವಳೂ ನೋಡಿದಳು. ಆ ಕಡೆ ಒರಳಿನ ಕೋಣೆಯ ಬಾಗಿಲಿತ್ತು. ಅದರಾಚೆ ಹಿತ್ತಲು, ಹಿತ್ತಲಲ್ಲಿ ಬಾವಿ.

“ಬಾವಿ ಕಡೆ ನೋಡ್ತಾಳ,” ಅಂದ ಮಾದೇವಪ್ಪ ಮೆಲ್ಲಗೆ.

“ಬಾವಿ ಅಲ್ಲ,” ಅಂದಳು ತಾಯಿ, ಆಮೇಲೆ ತುಟಿ ಕಚ್ಚಿಕೊಂಡು, “ಅನ್ನ ಉಣ್ಣು,” ಅಂದಳು.

ಬನವಾಸಿಯಲ್ಲಿ ಅವರದು ಅವಲಕ್ಕಿ ಕುಟ್ಟುವ ಮನೆ. ಗದ್ದೆಯ ಭತ್ತ ಮನೆಗೆ ಸಾಕು, ಆದರೆ ಕೈಯಲ್ಲಿ ನಾಲ್ಕು ಕಾಸು ಆಡುವುದು ಅವಲಕ್ಕಿಯಿಂದ. ಮಾದೇವಪ್ಪ ಚಕ್ಕಡಿ ಹೂಡಿ ಸಿರ್ಸಿ ಸಂತೆಗೆ ಒಯ್ಯುತ್ತಿದ್ದ. ಹೆಂಗಸರು ಭತ್ತ ನೆನೆಹಾಕಿ, ಹುರಿದು, ಬಿಸಿ ಇರುವಾಗಲೇ ಒರಳಿಗೆ ಸುರಿದು ಕುಟ್ಟುತ್ತಿದ್ದರು. ಒಬ್ಬಳು ಒನಕೆ ಹಾಕಿದರೆ, ಒನಕೆ ಮೇಲೇಳುವ ಸಂದಿನಲ್ಲಿ ಇನ್ನೊಬ್ಬಳು ಒರಳಿಗೆ ಕೈಹಾಕಿ ಕಾಳು ತಿರುವಿಕೊಡಬೇಕು. ಹುರಿದ ಭತ್ತ ಆರಿದರೆ ಅವಲಕ್ಕಿಯಾಗುವುದಿಲ್ಲ, ನುಚ್ಚಾಗುತ್ತದೆ. ಹಾಗಾಗಿ ಒಂದು ಹಬೆ, ಎಂದರೆ ಒಂದು ಸಲಕ್ಕೆ ಹುರಿದಷ್ಟು ಭತ್ತ, ಒರಳಿಗೆ ಬಿತ್ತೆಂದರೆ ಮುಗಿಯುವ ತನಕ ಯಾರೂ ಒನಕೆ ಇಳಿಸುವಂತಿಲ್ಲ. ಅದು ನೀಲಗಂಗವ್ವನ ಕಟ್ಟಳೆ.

ಗಂಗೆ ಬಿಳಗಿ ಕಡೆಯವಳು, ಮಾದೇವಪ್ಪನ ಎರಡನೆಯ ಹೆಂಡತಿ. ಮೊದಲಿನವಳು ಪಾರ್ವತವ್ವ ಬಸುರಿಯಾಗಿದ್ದಾಗ ತೀರಿಹೋಗಿದ್ದಳು. ಆ ದಿನ ಮಾದೇವಪ್ಪ ಸಂತೆಯಲ್ಲಿದ್ದ, ದುರ್ಗವ್ವ ಆಗಿನ್ನೂ ಗಂಡನ ಮನೆಯಲ್ಲಿದ್ದಳು. ಬಾವಿಕಟ್ಟೆಯ ಮೇಲೆ ಜಾರಿಬಿದ್ದಳು ಎಂದು ತಾಯಿ ಹೇಳಿದಳು. ಅವನು ಬರುವ ಹೊತ್ತಿಗೆ ನೆಲ ಕೂಡ ಸಾರಿಸಿ ಆಗಿತ್ತು.

ಗಂಗೆಗೆ ತಾಳಿ ಕಟ್ಟಿದ ದಿನವೇ ನೀಲಗಂಗವ್ವ ಒಂದು ಬೆಳ್ಳಿ ಬಿಲ್ಲೆಯನ್ನೂ ಅವಳ ಕೊರಳಿಗೆ ಹಾಕಿದ್ದಳು. ಸತ್ತ ಸವತಿಯ ಹೆಸರಿನದು. ಬಿಲ್ಲೆಯ ಮೇಲೆ ಅಕ್ಕಸಾಲಿ ಒಂದು ಹೆಣ್ಣಿನ ಮೂರ್ತಿ ಕೊರೆದಿದ್ದ. “ಹಬ್ಬದಾಗ ಮೊದಲ ಆಕಿಗೆ ಎಡಿ, ಆಮ್ಯಾಲೆ ನಿನಗ. ಹೊಸ ಸೀರಿ ಉಟ್ರ ಮೊದಲ ಬಿಲ್ಲಿಗೆ ಮುಟ್ಟಿಸಿ ಉಡು. ಕೊಳ್ಳಾಗಿಂದ ತಗೀಬ್ಯಾಡ,” ಎಂದು ಹೇಳಿದ್ದಳು. ಗಂಗೆ ಹಾಗೆಯೇ ನಡೆದುಕೊಂಡಿದ್ದಳು. ಮೈತೊಳೆಯುವಾಗಲೂ ತೆಗೆದಿರಲಿಲ್ಲ.

ಮೊದಲು ಬಂದವನು ಉಳುಕು ತಿಕ್ಕುವ ಕೆರಿಯ. ಅಂಗಳದಲ್ಲಿ ಗಂಗೆಯನ್ನು ಕೂರಿಸಿ ಹರಳೆಣ್ಣೆ ಹಚ್ಚಿ, ಕುತ್ತಿಗೆಯ ಎಡಮಗ್ಗುಲನ್ನು ನೀವಿದ. “ದಿಂಬು ಸರಿ ಇಲ್ಲ, ಉಳುಕೇತಿ. ವಾರದಾಗ ಹೋಗತೈತಿ.”

ವಾರ ಹೋಯಿತು, ಉಳುಕು ಹೋಗಲಿಲ್ಲ. ಗಂಗೆ ಎರಡು ಕೈಯಿಂದ ತಲೆ ಹಿಡಿದು ನೇರ ಮಾಡುತ್ತಿದ್ದಳು. ಬಿಟ್ಟೊಡನೆ ಮುಖ ತಡೆತಡೆದು, ಸಣ್ಣಗೆ ಅದುರುತ್ತ, ಎಡಕ್ಕೆ ಹೋಗಿ ನಿಲ್ಲುತ್ತಿತ್ತು. ಓಣಿಗೆ ಹೋದರೆ ಅಲ್ಲಿನ ಹೆಂಗಸರು ಅವಳ ಎಡಗಡೆಯಿಂದ ಸರಿದು ಬಲಗಡೆಗೆ ಬರುತ್ತಿದ್ದರು. ಮನೆಯಲ್ಲೂ ಹಾಗೇ ಆಯಿತು. ಊಟಕ್ಕೆ ಕೂತಾಗ ಅವಳ ನೋಟ ಬೀಳುವ ಜಾಗ ಖಾಲಿ ಉಳಿಯತೊಡಗಿತು. ಮಾದೇವಪ್ಪ ಹಾಸಿಗೆಯನ್ನು ಪಡಸಾಲೆಗೆ ಒಯ್ದ. “ಸೆಕಿ,” ಅಂದ. ಮಾಗಿಯ ಚಳಿಯಲ್ಲಿ ಸೆಕೆ ಎಲ್ಲಿಯದೆಂದು ಯಾರೂ ಕೇಳಲಿಲ್ಲ.

ದುರ್ಗವ್ವ ಒಂದು ಮಧ್ಯಾಹ್ನ ತಾಯಿಯನ್ನು ಕೈಹಿಡಿದು ಎಳೆದುಕೊಂಡು ಬಂದಳು. ಚಾಪೆಯ ಮೇಲೆ ಗಂಗೆ ಮಲಗಿದ್ದಳು. ಕುತ್ತಿಗೆ ನೆಟ್ಟಗಿತ್ತು.

“ನೋಡವ್ವಾ. ನಿದ್ದಿಯೊಳಗ ಎಲ್ಲಾರ ಹಂಗ ಐತಿ.”

“ನಿದ್ದಿಯೊಳಗ ಅದೂ ಮಲಗಿರತೈತಿ.”

“ಯಾವದು?”

ನೀಲಗಂಗವ್ವ ಹೊರಗೆ ನಡೆದಳು.

ಬಿಲ್ಲೆಯ ಸಂಗತಿ ಗೊತ್ತಾದದ್ದು ಅಕ್ಕಿ ಆರಿಸುವಾಗ. ಮೊರದ ಮೇಲೆ ಕಣ್ಣು ನಿಲ್ಲದೆ ಬೇಸತ್ತ ಗಂಗೆ, ಕೊರಳ ದಾರವನ್ನು ಸುಮ್ಮನೆ ಮೇಲಕ್ಕೆಳೆದು ಬಿಲ್ಲೆಯನ್ನು ಗಲ್ಲಕ್ಕೆ ಒತ್ತಿಕೊಂಡಳು. ಮುಖ ತಾನಾಗಿ ಮುಂದಕ್ಕೆ ಬಂತು. ಅವಳಿಗೇ ಆಶ್ಚರ್ಯ.

“ಅತ್ತಿ! ನೋಡ್ರಿ, ನೆಟ್ಟಗಾತು!”

ಒಲೆಯ ಮುಂದಿದ್ದ ನೀಲಗಂಗವ್ವ ತಿರುಗಿ ನೋಡಿದಳು. “ಬಿಡು ಅದನ್ನ.”

ಬಿಟ್ಟಳು. ಮುಖ ಹೊರಳಿತು.

“ಹಿಡಿ.”

ಹಿಡಿದಳು. ನೆಟ್ಟಗಾಯಿತು.

ನೀಲಗಂಗವ್ವನ ಕೈಯ ಊದುಗೊಳವೆ ಕೆಳಗೆ ಬಿತ್ತು. ಸಂಜೆಯೊಳಗೆ ಕೆರಿಯನೂ ಬಂದು ನೋಡಿದ. ಅವನು ಬಿಲ್ಲೆಗೆ ಕೈಮುಗಿದ. “ಉಳುಕಲ್ರಿ ಇದು. ಸವತಿ. ಆಕೀನ ಗಲ್ಲಕ್ಕ ಹಿಡಕೊಂಡ್ರ ಬಿಡ್ತಾಳ, ಇಳಿಸಿದ್ರ ಎಳೀತಾಳ. ಏನೋ ತೋರಿಸಾಕ ಬಂದಾಳ.”

“ಪಾರಿಗೆ ಈ ಮನಿಯಾಗ ಏನ್ ಕಮ್ಮಿ ಇತ್ತು?” ಅಂದ ಮಾದೇವಪ್ಪ. “ಬಾವಿ ಕಟ್ಟಿ ಮ್ಯಾಲೆ ಜಾರಿದ್ದು. ಯಾರು ಏನ್ ಮಾಡ್ಯಾರ ಆಕಿಗೆ?”

“ಅದನ್ನ ಆಕೀನ ಬಾಯಿ ಬಿಟ್ಟು ಹೇಳಬೇಕು,” ಅಂದ ಕೆರಿಯ.

ಅಂದಿನಿಂದ ನೀಲಗಂಗವ್ವ ಬೇರೆಯೇ ಆದಳು. ಗಂಗೆಗೆ ಮೊದಲು ಬಡಿಸಿದಳು. ರೊಟ್ಟಿಗೆ ಬೆಣ್ಣೆ ಹಾಕಿದಳು. “ಬ್ಯಾಡ್ರಿ ಅತ್ತಿ” ಅಂದರೆ, “ನಿನಗಲ್ಲವ್ವಾ, ಆಕಿಗೆ. ಉಣ್ಣು” ಅಂದಳು. ಮಧ್ಯಾಹ್ನ ಎಲ್ಲರೂ ಅತ್ತಿತ್ತ ಹೋದ ಮೇಲೆ ಸೊಸೆಯನ್ನು ಒರಳಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಅವಳ ಎಡಗಡೆಗೆ, ನೋಟ ಬೀಳುವಲ್ಲಿ ಕೂತು, ಎದೆಯ ಮೇಲಿನ ಬಿಲ್ಲೆಗೆ ಮಾತಾಡಿದಳು.

“ಪಾರೀ, ಆವತ್ತು ಹಬಿ ಒರಳಿಗೆ ಬಿದ್ದಿತ್ತವ್ವಾ. ಹೊಟ್ಟಿ ನೋವು ಅಂದಿ. ಖರೆ, ಅಂದಿ. ಕೂಡ್ತೀನಿ ಅತ್ತಿ ಅಂದಿ. ಇದೊಂದು ಹಬಿ ಮುಗಿಸು ಅಂದೆ. ಅದು ಮುಗದ ಮ್ಯಾಲೆ ಇನ್ನೊಂದು ಅಂದೆ. ಒನಕಿ ಹಿಡಕೊಂಡ ಕುಸದಿ. ರಕ್ತ ನೋಡಿ ಹೆದರಿ ನಾನ ನಿನ್ನ ಎಳಕೊಂಡು ಹೋಗಿ ಬಾವಿ ಹತ್ರ ಹಾಕಿದೆ. ಆವಾಗಿನ್ನೂ ನಿನಗ ಜೀವ ಇತ್ತು. ನೀರು ಕೇಳಿದಿ.”

ಗಂಗೆ ಮುಖ ತಿರುಗಿಸಿಕೊಳ್ಳಬೇಕೆಂದರೆ ಅದು ತಿರುಗುವುದು ಮುದುಕಿಯ ಕಡೆಗೇ.

“ಮಾದೇವಗ ಹೇಳಬ್ಯಾಡವ್ವಾ. ಅವನಿಗೊಂದು ಹೇಳಬ್ಯಾಡ. ಮತ್ತೇನ್ ಬೇಕಂದ್ರೂ ಕೇಳು.”

ಮೂರ್ನಾಲ್ಕು ಮಧ್ಯಾಹ್ನ ಹೀಗೆಯೇ ನಡೆಯಿತು. ಗಂಗೆ ಯಾರಿಗೂ ಹೇಳಲಿಲ್ಲ. ಆದರೆ ಒರಳಿನ ಕೋಣೆಯಲ್ಲಿ ಕುತ್ತಿಗೆ ಇನ್ನೂ ಜೋರಾಗಿ ಎಳೆಯುತ್ತಿತ್ತು. ಬಿಲ್ಲೆ ಹಿಡಿದರೂ ಒಮ್ಮೊಮ್ಮೆ ಪೂರ್ತಿ ನಿಲ್ಲುತ್ತಿರಲಿಲ್ಲ.

ಒಂದು ದಿನ ಗಂಗೆ ಒನಕೆ ಹಾಕುತ್ತಿದ್ದಳು, ದುರ್ಗವ್ವ ಕಾಳು ತಿರುವುತ್ತಿದ್ದಳು. ಎರಡೂ ಕೈ ಒನಕೆಯ ಮೇಲಿದ್ದರೆ ಬಿಲ್ಲೆ ಹಿಡಿಯುವುದು ಹೇಗೆ? ಮುಖ ಹೊರಳಿತು, ಒನಕೆ ದುರ್ಗವ್ವನ ಬೆರಳಿನ ಮೇಲೆ ಬಿತ್ತು.

“ಸತ್ತೆನೋ ಯವ್ವಾ!”

ಉಗುರು ಕಪ್ಪಾಗಿ ಕಿತ್ತುಬಂತು. ಗಂಗೆ ಅವಳ ಕಾಲು ಹಿಡಿದು ಅಳುತ್ತಿದ್ದರೆ ನೀಲಗಂಗವ್ವ ಬಾಗಿಲಲ್ಲಿ ನಿಂತು ಕೂಗಿದಳು: “ಸಾಕಾತು! ಇವತ್ತು ಬೆರಳು, ನಾಳೆ ಯಾರ ಜೀವಾನೋ. ಅಮಾಸಿಗೆ ಕೆರಿಯನ್ನ ಕರಸ್ರಿ. ಬರಿ ಹಾಕಸ್ರಿ. ಆಕಿ ಮಾತಾಡೋದರೊಳಗ ಕಳಿಸಿಬಿಡ್ರಿ.”

“ಬರೀನ?” ದುರ್ಗವ್ವ ಬೆರಳು ಬಾಯಲ್ಲಿಟ್ಟುಕೊಂಡೇ ಕೇಳಿದಳು. “ಕುತಗಿಗೆ ಕಾದ ಕಬ್ಬಿಣ ಇಡಸ್ತಿ? ಬೆರಳು ನಂದು ಜಜ್ಜೇತಿ, ಸಿಟ್ಟು ನಿನಗ ಬಂದೈತಿ!”

“ಎಡಕ್ಕ ಒಂದು, ಹಿಂದ ಒಂದು. ಅಷ್ಟಕ್ಕ ಹೋಗದಿದ್ರ ಬಿಳಗಿಗೆ ಕಳಸೋದು. ಇಂಥಾಕೀನ ಇಟಕೊಂಡು ಬಾಳೇ ಮಾಡಾಕಾಗೂದಿಲ್ಲ.”

ಮಾದೇವಪ್ಪ ತಲೆ ತಗ್ಗಿಸಿ ಎತ್ತಿಗೆ ಹುಲ್ಲು ಹಾಕಲು ಹೋದ. ಗಂಗೆಗೆ ತವರಿನಲ್ಲಿ ಇದ್ದದ್ದು ಅಣ್ಣ, ಅತ್ತಿಗೆ. ದೆವ್ವ ಹಿಡಿದು ಮರಳಿ ಬಂದವಳಿಗೆ ಅಲ್ಲಿ ದನದ ಕೊಟ್ಟಿಗೆಯಲ್ಲೂ ಜಾಗ ಸಿಗುವುದಿಲ್ಲವೆಂದು ದುರ್ಗವ್ವನಿಗೆ ಗೊತ್ತಿತ್ತು. ಗಂಡ ಸತ್ತು ತವರಿಗೆ ಬಂದವಳು ಅವಳೂ.

“ಮಾದೇವಾ,” ಅಂದಳು ಆ ಸಂಜೆ, “ಸಂತಿಗೆ ಈಕೀನೂ ಕರಕೊಂಡು ಹೋಗೂಣು. ನನ್ನ ಬೆರಳು ಡಾಕ್ಟರಿಗೆ ತೋರಸ್ತೀನಿ. ಈಕಿ ಕುತಗೀನೂ ನೋಡ್ಲಿ. ಸುಡೋದು ಇದ್ದ ಐತಿ, ಎಲ್ಲಿಗೆ ಓಡಿ ಹೋಗತೈತಿ?”

ಸಿರ್ಸಿಯಲ್ಲಿ ಅವರ ಅವಲಕ್ಕಿ ಕೊಳ್ಳುವವರು ದಾವೂದ್ ಸಾಬರು. ಅಂಗಡಿಯ ಹಿಂದೆಯೇ ಮನೆ. ಗಂಗೆಯನ್ನು ಕಂಡು ದಾವೂದ್ ಸಾಬರ ಹೆಂಡತಿ ರೋಷನ್ ಬೀ ಒಳಗೆ ಕರೆದು ಚಹಾ ಕೊಟ್ಟಳು. ತಾನಾಗಿಯೇ ಎದ್ದು ಅವಳ ಎಡಗಡೆ ಬಂದು ಕೂತಳು.

“ಇಲ್ಲಿ ಕೂತ್ರೆ ನನ್ನ ಮುಖ ಕಾಣ್ತದಲ್ಲ ಬೇಟಿ? ಈ ವಯಸ್ಸಲ್ಲಿ ನನ್ನ ಇಷ್ಟೊತ್ತು ನೋಡೋರು ಯಾರೂ ಇಲ್ಲ.”

ಎಷ್ಟೋ ದಿನದ ಮೇಲೆ ಗಂಗೆ ನಕ್ಕಳು.

ರೋಷನ್ ಬೀ ಹೇಳಿದ ಡಾಕ್ಟರು ಕುಮಟೆ ಕಡೆಯವರು, ಸಣ್ಣ ದವಾಖಾನೆ ಇಟ್ಟಿದ್ದರು. ದುರ್ಗವ್ವನ ಬೆರಳಿಗೆ ಪಟ್ಟಿ ಕಟ್ಟುತ್ತಲೇ ಗಂಗೆಯನ್ನು ಗಮನಿಸುತ್ತಿದ್ದರು.

“ಹುಟ್ಟಿದಾಗಿಂದ ಹೀಗಾ?”

“ಅಲ್ರಿ. ಸುಗ್ಗಿ ಮುಗದ ಮ್ಯಾಲೆ.”

“ಬಿದ್ದದ್ದು, ಪೆಟ್ಟು?”

“ಇಲ್ರಿ.”

ಬೆನ್ನುಮೂಳೆಯ ಉದ್ದಕ್ಕೂ ಒತ್ತಿದರು. ನೋವಿಲ್ಲ. ಸಂಜೆ ಜ್ವರ ಬರುತ್ತದೆಯೇ ಎಂದು ಕೇಳಿದರು. ಇಲ್ಲ. “ಹಾಗಾದರೆ ಮೂಳೆಯ ಕ್ಷಯ ಅಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಿದರು. ಮೆಳ್ಳೆಗಣ್ಣಿದ್ದವರು ಎರಡೆರಡು ಕಾಣದಿರಲೆಂದು ತಲೆ ತಿರುಗಿಸುವುದುಂಟಂತೆ. ಅದೂ ಅಲ್ಲ. ಚಿಕ್ಕಂದಿನಲ್ಲಿ ದಿನಗಟ್ಟಲೆ ಮಂಪರು ಬರಿಸುವ ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿರಲಿಲ್ಲ.

“ನಿದ್ದೆಯಲ್ಲಿ?”

“ನೆಟ್ಟಗಿರತೈತ್ರಿ. ನಾನ ನೋಡೇನಿ,” ಅಂದಳು ದುರ್ಗವ್ವ.

“ಏನಾದರೂ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗುವುದುಂಟಾ?”

ಬಾಗಿಲ ಹತ್ತಿರ ನಿಂತಿದ್ದ ಮಾದೇವಪ್ಪ ಕೆಮ್ಮಿದ. ದುರ್ಗವ್ವನೇ ಬಿಲ್ಲೆಯ ಕತೆ ಹೇಳಿದಳು. ಡಾಕ್ಟರು ನಗಲಿಲ್ಲ.

“ಒಮ್ಮೆ ಅದನ್ನು ತೆಗೆದು ಅಕ್ಕನ ಕೈಲಿ ಕೊಡಮ್ಮ.”

ಗಂಗೆಯ ಕೈ ಕೊರಳಿಗೆ ಹೋಗಿ ನಿಂತಿತು. ಗಂಡನನ್ನು ನೋಡಬೇಕೆಂದುಕೊಂಡಳು, ಮುಖ ಗೋಡೆಯ ಕಡೆಗಿತ್ತು. ಕಣ್ಣುಮುಚ್ಚಿ ದಾರ ತೆಗೆದಳು. ಏನೂ ಆಗಲಿಲ್ಲ.

“ಈಗ ನಿನ್ನ ಬೆರಳು ಗಲ್ಲಕ್ಕೆ ಮುಟ್ಟಿಸು.”

ಮುಖ ಮುಂದಕ್ಕೆ ಬಂತು. ಮೇಜಿನ ಮೇಲಿನ ಸೀಸದ ಕಡ್ಡಿ ಕೊಟ್ಟರು. ಅದಕ್ಕೂ ಬಂತು. ದುರ್ಗವ್ವನ ಬೆರಳಿಗೂ ಬಂತು.

“ಬೆರಳು ಮುಟ್ಟಿದ್ರ ಹೋಗೋದು ರೋಗ ಹೆಂಗಾಗತೈತ್ರಿ?” ಅಂದ ಮಾದೇವಪ್ಪ. “ಹಂಗಾದ್ರ ಈಕಿ ಬೇಕಂತ...”

“ಅದೇ ಈ ರೋಗದ ಗುರುತು. ಬೇರೆ ಯಾವುದಕ್ಕೂ ಹೀಗಾಗುವುದಿಲ್ಲ. ನಮ್ಮಲ್ಲೂ ಕೆಲವರು ಇದನ್ನು ಮನಸ್ಸಿನದು ಅನ್ನುತ್ತಾರೆ, ಹಿಂದೆ ನಾನೂ ಅಂದದ್ದುಂಟು. ಬನ್ನಿ ಇಲ್ಲಿ.” ಅವನ ಕೈ ಹಿಡಿದು ಗಂಗೆಯ ಕುತ್ತಿಗೆಯ ಬಲಮಗ್ಗುಲಿಗೆ, ಕಿವಿಯ ಕೆಳಗೆ ಇರಿಸಿದರು. ವಾರಗಟ್ಟಲೆ ಹೆಂಡತಿಯನ್ನು ಮುಟ್ಟದವನ ಬೆರಳು ಮೊದಲು ಹಿಂಜರಿಯಿತು.

“ಏನು ಸಿಗುತ್ತದೆ?”

“ಹಗ್ಗ ಬಿಗದಂಗ ಐತ್ರಿ.”

“ಮುಖ ಹೋಗುವುದು ಎಡಕ್ಕೆ. ಹಾಗೆ ತಿರುಗಿಸುವುದು ಬಲಗಡೆಯ ಈ ನರ. ನೀವೆಲ್ಲ ಎಡಗಡೆ ಏನಿದೆ ಅಂತ ಹುಡುಕುತ್ತಾ ಕೂತಿದ್ದೀರಿ. ಅಲ್ಲಿ ಏನೂ ಇಲ್ಲ.”

ಔಷಧ? ಅದಕ್ಕೆ ಡಾಕ್ಟರು ತಡವರಿಸಿದರು. ನರ ಸಡಿಲಿಸಲು ಒಂದು ಬಾಟಲಿ ಕೊಟ್ಟರು. ಬಿಸಿ ಶಾಖ ಕೊಡಿ, ಹೆದರಿಸಬೇಡಿ ಅಂದರು. ತಾನಾಗಿ ಹೋಗಬಹುದು, ಹೋಗಿ ಮತ್ತೆ ಬರಬಹುದು. “ಸುಟ್ಟರೆ ಚರ್ಮ ಸುಡುತ್ತದೆ, ಅಷ್ಟೇ.”

ಚಕ್ಕಡಿಯಲ್ಲಿ ಗಂಗೆ ಬಿಲ್ಲೆಯನ್ನು ಮತ್ತೆ ಹಾಕಿಕೊಂಡಳು. ದುರ್ಗವ್ವ ದಾರಿಯುದ್ದಕ್ಕೂ ಅವಳ ಗಲ್ಲಕ್ಕೆ ಹುಲ್ಲುಕಡ್ಡಿ, ಬಳೆ, ಅವಲಕ್ಕಿ ಚೀಲದ ಮೂಲೆ ಎಲ್ಲ ಮುಟ್ಟಿಸಿ ನೋಡಿ ನಗಿಸಿದಳು. ಮಾದೇವಪ್ಪ ಮಾತ್ರ ಹಗ್ಗ ಹಿಡಿದು ಮುಂದೆ ನೋಡುತ್ತಿದ್ದ.

ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ನೀಲಗಂಗವ್ವ ಹಾಲು ಕಾಯಲು ಇಟ್ಟಳು. ದುರ್ಗವ್ವ ದನ ಕಟ್ಟಲು ಹೋದಾಗ, ಒಲೆಯ ಮುಂದೆ, ಸೊಸೆಯ ಹತ್ತಿರ ಸರಿದಳು.

“ಪಾರಿ ಬಂದಿಲ್ಲೇನು?”

“ಇಲ್ಲಂತ್ರಿ ಅತ್ತಿ.”

“ಒಂದು ದಿನಾನೂ?”

“ಇಲ್ರಿ.”

“ಹಂಗಾದ್ರ ನಾ ಹೇಳಿದ್ದು... ಆ ಕೋಣ್ಯಾಗ... ಯಾರು ಕೇಳಿದ್ರು?”

ಗಂಗೆ ಬಿಲ್ಲೆಯನ್ನು ಹಿಡಿಯಲಿಲ್ಲ. ಮುಖ ಎಡಕ್ಕಿದ್ದಂತೆಯೇ ಹೇಳಿದಳು: “ನಾನ ಕೇಳೀನ್ರಿ.”

ಹಾಲು ಉಕ್ಕಿ ಒಲೆಗೆ ಬಿತ್ತು. ಇಬ್ಬರೂ ಎತ್ತಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ನೀಲಗಂಗವ್ವ ಮಗನಿಗೆ ಹೇಳಿದಳು: “ಔಷಧ ಇಲ್ಲಂತ ಡಾಕ್ಟರ ಅಂದಾನಲ್ಲ? ನರ ಅಂದ್ರ ರೋಗ ಹೋತೇನು? ಕೆರಿಯ ಅಮಾಸಿಗೆ ಬರ್ತಾನ. ದೆವ್ವ ಹಿಡದಾಕಿ ನಾಳೆ ಏನರ ಮಾತಾಡಿದ್ರ ಊರಾಗ ತಲಿ ಎತ್ತಂಗಿಲ್ಲ.”

“ಡಾಕ್ಟರು ಬ್ಯಾಡಂದಾರವ್ವಾ!” ದುರ್ಗವ್ವ ತಟ್ಟೆ ಸರಿಸಿದಳು. “ಅಲ್ಲೋ ಮಾದೇವಾ, ನಿನ್ನ ಕೈಗೆ ಹತ್ತಿತಲ್ಲೋ ಆ ನರ!”

“ಹತ್ತಿತು,” ಅಂದ ಮಾದೇವಪ್ಪ. ಆಮೇಲೆ, “ಆದ್ರ ಪಾರಿ ನೆನಪು ನನಗೂ ಹೋಗವಲ್ದಕ್ಕಾ. ಒಂದು ಸಲ ಆಗಿಹೋಗ್ಲಿ. ಮನಸಿಗೆ ಸಮಾಧಾನ ಆಗತೈತಿ,” ಅಂದ.

“ಯಾರ ಮನಸಿಗೆ?”

ಗಂಗೆ ನೀಲಗಂಗವ್ವನಿಗೆ ಮಜ್ಜಿಗೆ ಬಡಿಸಿದಳು. ಮುದುಕಿ ಅದನ್ನು ಮುಟ್ಟದೆ ಎದ್ದಳು. ಔಷಧದ ಬಾಟಲಿ ಜಂತಿಯ ಸಂದಿನಲ್ಲಿ ಉಳಿಯಿತು. ದುರ್ಗವ್ವ ದಿನಾ ಕದ್ದು ಕುಡಿಸಿದಳು.

ಅಮಾವಾಸ್ಯೆಯ ಬೆಳಿಗ್ಗೆ ಕೆರಿಯ ಅಂಗಳದಲ್ಲಿ ಕೆಂಡ ಮಾಡಿದ. ಕುಡುಗೋಲಿನ ತುದಿಯಂಥ ಕಬ್ಬಿಣ ಕಾಯಲು ಇಟ್ಟ. ಓಣಿಯ ಹೆಂಗಸರು ಬೇಲಿಯಾಚೆ ನಿಂತಿದ್ದರು. ದುರ್ಗವ್ವ ಅಡ್ಡ ಬಂದಾಗ ಮಾದೇವಪ್ಪ ಅವಳನ್ನು ಒಳಗೆ ದೂಡಿ ಬಾಗಿಲು ಹಾಕಿದ. ಅವಳು ಒಳಗಿಂದ ಬಾಗಿಲು ಗುದ್ದುತ್ತ ಅವನ ಹೆಸರು ಹಿಡಿದು ಬೈಯುತ್ತಿದ್ದಳು.

ಗಂಗೆಯನ್ನು ಮಣೆಯ ಮೇಲೆ ಕೂರಿಸಿ ಮಾದೇವಪ್ಪ ಹಿಂದಿನಿಂದ ಭುಜ ಹಿಡಿದ. ನೀಲಗಂಗವ್ವ ಸೊಸೆಯ ನೋಟಕ್ಕೆ ಸಿಗಬಾರದೆಂದು ಬಲಗಡೆ ನಿಂತಿದ್ದಳು. ಅಲ್ಲಿಂದ ಅವಳಿಗೆ ಕಂಡದ್ದು ಕುತ್ತಿಗೆಯ ಬಲಮಗ್ಗುಲು. ಹಗ್ಗದಂತೆ ಎದ್ದು ಬಿಗಿದಿದ್ದ ನರ, ಅದರ ಕೆಳಗೆ ಬಡಿದುಕೊಳ್ಳುವ ಜೀವ.

“ಏ ಪಾರ್ವತೀ,” ಕೆರಿಯ ಕಬ್ಬಿಣ ಎತ್ತಿದ. “ಏನ್ ಬೇಕು? ಹೇಳಿ ಹೋಗ್ತೀಯೋ, ಸುಟ್ಟು ಕಳಿಸಲೋ?”

ಗಂಗೆಯ ತುಟಿ ಅಲುಗಿತು. ಒರಳಿನ ಕೋಣೆಯಲ್ಲಿ ಕೇಳಿದ್ದರಲ್ಲಿ ಒಂದು ಮಾತು ಹೇಳಿದರೆ ಗಂಗೆ ಉಳಿಯುತ್ತಿದ್ದಳು. ಅದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿತ್ತು.

ಗಂಗೆ ಅಂದದ್ದು: “ಯಕ್ಕಾ, ನೀರು.”

ಒಳಗಿದ್ದ ದುರ್ಗವ್ವನನ್ನು ಕರೆದಿದ್ದಳು, ಅಷ್ಟೇ.

“ತಡಿಯೋ ಕೆರಿಯಾ!” ನೀಲಗಂಗವ್ವ ಮುಂದೆ ಬಂದು ಅವನ ಮುಂಗೈ ಹಿಡಿದಳು. “ಮಾದೇವಾ, ಪಾರಿ ಬಾವಿ ಮ್ಯಾಲೆ ಜಾರಲಿಲ್ಲ. ಒರಳಿನ ಮುಂದ ಬಿದ್ಲು. ಕೂಡ್ತೀನಂದ್ಲು, ನಾ ಬಿಡಲಿಲ್ಲ. ನೀರು ಕೇಳಿದ್ಲು. ನಾ ಆಕೀನ ಎಳದು ಬಾವಿ ಹತ್ರ ಹಾಕಿದೆ, ನೀ ಬಂದು ಕೇಳಿದ್ರ ಜಾರಿಬಿದ್ಲು ಅಂತ ಹೇಳಾಕ.”

ಬೇಲಿಯಾಚೆ ಗುಸುಗುಸು ನಿಂತಿತು. ಕೆರಿಯ ಒಂದು ಹೆಜ್ಜೆ ಹಿಂದೆ ಸರಿದು, ಮುದುಕಿಯ ಮುಖ ನೋಡಿ, ಕಬ್ಬಿಣವನ್ನು ಅವಳ ಕಡೆಗೆ ತಿರುಗಿಸಿದ.

“ನೋಡ್ರೀ, ನೋಡ್ರೀ! ಸೊಸಿ ಮೈ ಬಿಟ್ಟು ಅತ್ತಿ ಮೈ ಸೇರ್ಯಾಳ! ಪಾರ್ವತೀನ ಮಾತಾಡಾಕ್ಹತ್ಯಾಳ!”

ಜನ “ಹೌದ್ಹೌದು” ಅಂದರು. ಮಾದೇವಪ್ಪನೂ ತಾಯಿಯನ್ನು ನೋಡಿದ. ಹೌದು ಅನ್ನಲಿ ಎಂದು ಬೇಡುವಂತಿತ್ತು ಅವನ ಮುಖ. ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು.

“ಇಲ್ಲಪ್ಪಾ,” ಅಂದಳು ನೀಲಗಂಗವ್ವ. “ನಾನ ಮಾತಾಡಾಕ್ಹತ್ತೀನಿ. ನಾನ. ನಿಮ್ಮವ್ವ.”

ಮಾದೇವಪ್ಪನ ಕೈ ಗಂಗೆಯ ಭುಜದಿಂದ ಜಾರಿತು. ಕೆರಿಯ ಕಬ್ಬಿಣವನ್ನು ಬೂದಿಯಲ್ಲಿ ಚುಚ್ಚಿ, ಯಾರೂ ಹೇಳದಿದ್ದರೂ ಹೊದಿಕೆ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನೀಲಗಂಗವ್ವ ತಾನೇ ಹೋಗಿ ಬಾಗಿಲು ತೆಗೆದಳು. ದುರ್ಗವ್ವ ಬೈಗುಳವನ್ನು ಬಾಯಲ್ಲೇ ಹಿಡಿದುಕೊಂಡು ತಾಯಿಯನ್ನು ನೋಡಿದಳು. ಆಮೇಲೆ ನೀರು ತರಲು ತಿರುಗಿದಳು.

ಮಾದೇವಪ್ಪ ಹೆಂಡತಿಯ ಎಡಗಡೆಗೆ ಬಂದು ನೆಲದ ಮೇಲೆ ಕುಕ್ಕರಿಸಿದ.

“ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಮತ್ತ ಹೇಳಲಿಲ್ಲ ಯಾಕ? ಸುಡಸ್ಕೊಳ್ಳಾಕ ಕೂತಿದ್ದ್ಯಲ್ಲ!”

ಗಂಗೆ ಅವನನ್ನೇ ನೋಡುತ್ತಿದ್ದಳು. ಬೇಡವೆಂದರೂ ಬೇರೆ ಕಡೆ ನೋಡುವಂತಿರಲಿಲ್ಲ.

“ನಾ ಹೇಳಿದ್ರ,” ಅಂದಳು, “ಸತ್ತಾಕಿ ಹೇಳಿದಂಗ ಆಗ್ತಿತ್ತು.”